ಮೇಸ್ತ್ರಿಯ ಮನೆಯ ಹೆರಿಗೆ

ಬಾಳೆಹೊನ್ನೂರು, ೧೯೪೧

ಪ್ರೀತಿಯ ಅಪ್ಪನಿಗೆ ತಬಿತಾಳ ವಂದನೆಗಳು.

ನಿಮ್ಮ ಅಳಿಯನಿಗೆ ಇನ್ನೂ ಎದ್ದು ಕೂರಲು ಆಗುತ್ತಿಲ್ಲ. ಮೇಸ್ತ್ರಿ ಸುಬ್ಬಯ್ಯ ಆಳು ತನಿಯನನ್ನು ಹೊಡೆದು ಕೊಂದದ್ದನ್ನು ಕಾಫಿತೋಟದಲ್ಲಿ ಎಲ್ಲರೂ ಕಂಡಿದ್ದರು. ಚಳಿಜ್ವರದಿಂದ ಸತ್ತನೆಂದು ಕೋರ್ಟಿನಲ್ಲಿ ಹೇಳಲು ತೋಟದ ಸಾಹುಕಾರರು ಎಲ್ಲರಿಗೂ ಕಲಿಸಿದರು. ತನಿಯನ ಹೆಂಡತಿ ದೇಯಿಯೇ ಬಂದು, "ರೈಟರಯ್ಯ, ನೀವೂ ಹಾಗೇ ಹೇಳಿ. ಇಲ್ಲದಿದ್ದರೆ ನನ್ನನ್ನೂ ಮಕ್ಕಳನ್ನೂ ಓಡಿಸ್ತಾರೆ" ಎಂದು ತೋಟದ ಲೆಕ್ಕ ಬರೆಯುವ ಇವರ ಕಾಲು ಹಿಡಿದಳು.

"ದೇವರ ಆಣೆಯಿಟ್ಟು ಸುಳ್ಳು ಹೇಳಲಾರೆ, ತಾಯಿ" ಎಂದು ಇವರೂ ಅತ್ತರು.

ಕೊಪ್ಪದ ಕೋರ್ಟಿನಲ್ಲಿ ಇವರೊಬ್ಬರೇ ನಿಜ ಹೇಳಿದರು. ಒಬ್ಬರ ಮಾತು ನಿಲ್ಲಲಿಲ್ಲ, ಸುಬ್ಬಯ್ಯ ಬಿಡುಗಡೆಯಾದ. ವಾಪಸು ಬರುವಾಗ ದಾರಿಯಲ್ಲಿ ಅವನ ಕಡೆಯವರು ಇವರ ಸೊಂಟ ಮುರಿದರು. ಇವರ ಕೆಲಸವೂ ತೋಟದವರು ಕೊಟ್ಟಿದ್ದ ಮನೆಯೂ ಹೋದವು. ದೇಯಿಯನ್ನೂ ಮಕ್ಕಳನ್ನೂ ಓಡಿಸಿದ್ದರಿಂದ ಪೇಟೆಯಲ್ಲಿ ನಾವು ಬಾಡಿಗೆಗೆ ಹಿಡಿದ ಕೋಣೆಯಲ್ಲೇ ಇರಿಸಿಕೊಂಡೆವು.

ಮೊನ್ನೆ ಸುಬ್ಬಯ್ಯನೇ ಗಾಡಿ ತಂದು ಬಾಗಿಲಲ್ಲಿ ನಿಂತ. ಅವನ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಇಲ್ಲಿ ಸೂಲಗಿತ್ತಿ ನಾನೊಬ್ಬಳೇ. ಮಲಗಿದ್ದಲ್ಲಿಂದಲೇ ಇವರು, "ಹೋಗು" ಎಂದರು. ಹೋದೆ. ತಾಯಿ, ಮಗು ಇಬ್ಬರೂ ಉಳಿದರು.

ನಾನು ಮರಳಿದಾಗ ದೇಯಿ ಗಂಟು ಕಟ್ಟುತ್ತಿದ್ದಳು. "ಅವನ ಮನೆ ತುಂಬಿಸಿ ಬಂದ್ರಾ?" ಎಂದಷ್ಟೇ ಕೇಳಿ, ಮಕ್ಕಳನ್ನು ಕರೆದುಕೊಂಡು ಹೊರಟುಹೋದಳು.

ಅವಳ ತವರು ನಿಮ್ಮ ಕಾರ್ಕಳದ ಕಡೆ. ಅಲ್ಲಿ ಕಂಡರೆ ಕರೆದು ಅನ್ನ ಕೊಡಿ, ಅಪ್ಪ. ನನ್ನ ಹೆಸರು ಹೇಳಬೇಡಿ.

ನಿಮ್ಮ ಮಗಳು,
ತಬಿತಾ