ಬೀಗರ ಹಾಡಿಗೆ ಯಾರ ಒಪ್ಪಿಗೆ ಬೇಕು?

ನಗರಸಭೆಯ ಸಂಸ್ಕೃತಿ ವಿಭಾಗದ ಮಾನ್ಯ ಅಧಿಕಾರಿಗಳೇ,

ಕಳೆದ ವರ್ಷ ಆಗಸ್ಟಿನಲ್ಲಿ ನೀವು ಒಬ್ಬ ಹೆಣ್ಣುಮಗಳ ಹಾಡನ್ನು ನಿಲ್ಲಿಸಿದಿರಿ. ಈ ಮೇ ತಿಂಗಳಲ್ಲಿ ಆಕೆ ತೀರಿಕೊಂಡರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆಕೆಯನ್ನು ಕೊಂಡೊಯ್ದದ್ದು ಕೊರೋನಾ, ನೀವಲ್ಲ. ಆದರೆ ಆಕೆಯ ಹಾಡುಗಳು ಕೊರೋನಾದಿಂದ ಹೋದವಲ್ಲ. ಈ ಪತ್ರ ಆ ಹಾಡುಗಳ ಬಗ್ಗೆ.

ಮೊನ್ನೆ ನೀವು ಈ ಬೇಸಿಗೆಯ ‘ನೆರೆಹೊರೆಯ ದನಿಗಳು’ ಕಾರ್ಯಕ್ರಮದ ಪ್ರಕಟಣೆ ಹೊರಡಿಸಿದ್ದೀರಿ. ಓದಿದೆ. ಕಳೆದ ವರ್ಷದ ಆ ಸಾಲು ಈ ವರ್ಷವೂ ಸುಖವಾಗಿದೆ: ‘ಸಾಂಪ್ರದಾಯಿಕ ಕಲೆಗಳ ಪ್ರದರ್ಶನಕ್ಕೆ ಆಯಾ ಸಮುದಾಯದ ಪ್ರತಿನಿಧಿಯ ಒಪ್ಪಿಗೆ ಇರತಕ್ಕದ್ದು.’ ಡಚ್ ಭಾಷೆಯಲ್ಲಿ ನನ್ನ ಆಕ್ಷೇಪಣೆಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಆದರೆ ನನ್ನ ಡಚ್ ಪರೀಕ್ಷೆ ಪಾಸು ಮಾಡುವಷ್ಟಿದೆ, ಅಳುವಷ್ಟಿಲ್ಲ. ಆದ್ದರಿಂದ ಉಳಿದದ್ದನ್ನು ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ನಮ್ಮವರೂ ಓದಲಿ. ಅವರಿಗೂ ಇದರಲ್ಲಿ ಪಾಲಿದೆ.

ನಾನು ನೆದರ್ಲೆಂಡ್ಸಿಗೆ ಬಂದು, ಗ್ರೋನಿಂಗನ್ನಿನಲ್ಲಿ ಸಾಹಿತ್ಯ ಓದಿ, ಕೆಲಸ ಹುಡುಕುತ್ತ ನಿಮ್ಮ ಈ ಸಣ್ಣ ಊರಿಗೆ ಬಂದು, ಹರ್ಷಿತಾ ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲಾರೆ. ಹರ್ಷಿತಾ ಅಕ್ಕನ ತಾಯಿ ಕಾಶಮ್ಮ ನನ್ನನ್ನು ನೋಡಿದ ಮೊದಲ ವಾರವೇ, “ಮೈಸೂರ ಕಡೀ ಹುಡುಗಿ, ಬಾಯಾಗ ಬೆಲ್ಲ ಇಟಗೊಂಡಾಳ. ನುಂಗಂಗಿಲ್ಲ, ಉಗಳಂಗಿಲ್ಲ” ಎಂದು ತೀರ್ಪು ಕೊಟ್ಟಿದ್ದರು. ಮಗಳ ಬಾಣಂತನಕ್ಕೆಂದು ನರಗುಂದದ ಹತ್ತಿರದ ಹಳ್ಳಿಯಿಂದ 2020ರ ಫೆಬ್ರವರಿಯಲ್ಲಿ ಬಂದವರು ಅವರು. ಮಾರ್ಚಿನಲ್ಲಿ ಜಗತ್ತಿಗೆ ಬೀಗ ಬಿತ್ತು. ವಿಮಾನಗಳಿಲ್ಲ. ವೀಸಾ ಮುಂದಕ್ಕೆ ಹೋಯಿತು. ಕೂಸಿಗೆ ಎಣ್ಣೆ ಹಚ್ಚುತ್ತ, ನೀರು ಹಾಕುತ್ತ, ಆಕೆ ಹಾಡತೊಡಗಿದರು.

ಬೇರೆ ಹಾಡುಗಳೂ ಬರುತ್ತಿದ್ದವು. ಆದರೆ ಆಕೆಯ ಮುಖ ಅರಳುತ್ತಿದ್ದದ್ದು ಬೀಗರ ಹಾಡಿಗೆ. ನಿಮಗಾಗಿ ಹೇಳುತ್ತೇನೆ: ಮದುವೆಯ ಚಪ್ಪರದಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿ, ಹಾಡಿನಲ್ಲೇ ಬೈಯುತ್ತಾರೆ. ಅವರೂ ಹಾಡಿನಲ್ಲೇ ತಿರುಗಿ ಬೈಯಬೇಕು. ಸಿಟ್ಟು ಬಂದವರು ಸೋತಂತೆ.

ಏಪ್ರಿಲಿನ ಒಂದು ಮಧ್ಯಾಹ್ನ ಹಿತ್ತಿಲಿನಲ್ಲಿ, ನಿಮ್ಮ ಒಂದೂವರೆ ಮೀಟರು ಅಂತರವನ್ನು ಪಾಲಿಸಿ ನಾವು ಕುಳಿತಿದ್ದಾಗ, ಬೇಲಿಯಾಚೆಯಿಂದ ಪಕ್ಕದ ಮನೆಯ ಹೆನ್ನಿ ಇಣುಕಿದರು. ಎಪ್ಪತ್ತು ದಾಟಿದ ವಿಧವೆ. ಏನು ಹಾಡುತ್ತಿದ್ದೀರಿ ಎಂದು ಕೇಳಿದರು.

“ಏನಂತಾಳ ಈಕಿ?” ಎಂದರು ಕಾಶಮ್ಮ.

“ಏನ್ ಹಾಡು ಅಂತ ಕೇಳಾಕತ್ತಾರವ್ವಾ. ಸುಮ್ನಿರು, ಆಮ್ಯಾಲ ಹೇಳೂಣು.”

“ಆಮ್ಯಾಲ ಯಾಕ? ಈಗ ಹೇಳು. ನಿನ್ನ ಮಗಗ ನಮ್ಮ ಹುಡುಗೀನ ಕೊಟ್ಟೀವಿ ಅಂತ ತಿಳಕೋ, ನಿನ್ನ ಬೈಯಾಕತ್ತೀನಿ ಅಂತ ಹೇಳು.”

ಹರ್ಷಿತಾ ಅಕ್ಕ ಕೆಂಪಾಗಿ, ತಡವರಿಸಿ, ಅನುವಾದಿಸಿದಳು. ಹೆನ್ನಿ ತಟ್ಟನೆ ತಿರುಗಿ ಒಳಗೆ ಹೋದರು. ನಮಗೆ ಗಾಬರಿಯಾಯಿತು. ಅವರು ಹೋದದ್ದು ಕುರ್ಚಿ ತರಲು. ಬೇಲಿಗೆ ಎದುರಾಗಿ ಕುರ್ಚಿ ಹಾಕಿ, ಕೈ ಕಟ್ಟಿ ಕುಳಿತು, “ಹೂಂ, ಬೈಯಿರಿ” ಎಂದರು.

ಬೀಗತಿ ಬಂದಾಳ ಬೀದಿಗೆ ಬೆಳಕಾಗಿ
ಸೀರಿ ಸೆರಗಿನ್ಯಾಗ ಸಕ್ಕರಿ ಕಟ್ಯಾಳ,
ಕೇಳಿದರ ಉಪ್ಪು ಅಂತಾಳ.

ಅರ್ಥ ಕೇಳಿದ ಹೆನ್ನಿ ಸ್ವಲ್ಪ ಯೋಚಿಸಿ, “ಇಷ್ಟುದ್ದ ಹಾಡುವವರ ಮನೆಯಲ್ಲಿ ಕಾಫಿ ಆರಿ ತಣ್ಣಗಾಗಿರುತ್ತದೆ” ಎಂದರು. ಕಾಶಮ್ಮ ತೊಡೆ ತಟ್ಟಿಕೊಂಡು, “ಹಾಂ! ಈಕಿ ಬೀಗತಿ ಆಗಾಕ ಅಡ್ಡಿಯಿಲ್ಲ” ಎಂದರು. ಬೈಸಿಕೊಂಡವರು ಹಾಡಿದವರ ಉಡಿಗೆ ರವಿಕೆಯ ಖಣ ಹಾಕಬೇಕೆಂದು ಆಕೆ ಹೇಳಿ ಕಳಿಸಿದಾಗ, ಹೆನ್ನಿ ಇಸ್ತ್ರಿ ಮಾಡಿದ ನೀಲಿ ಚೌಕಳಿಯ ಅಡುಗೆಮನೆ ವಸ್ತ್ರವೊಂದನ್ನು ಬೇಲಿಯ ಮೇಲೆ ಇಟ್ಟರು. ಪಾತ್ರೆ ಒರೆಸುವ ಬಟ್ಟೆ. ಕಾಶಮ್ಮ ಅದನ್ನು ಕಣ್ಣಿಗೊತ್ತಿಕೊಂಡರು.

ಆ ಬೇಸಿಗೆಯಿಡೀ ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು. ನಾವು ನಡುವಿನ ದುಭಾಷಿಗಳು. ನಾನು ಫೋನಿನಲ್ಲಿ ಹಿಡಿದುಕೊಳ್ಳುತ್ತೇನೆ, ಕೋಣೆಯಲ್ಲಿ ಕುಳಿತು ಎಲ್ಲ ಹಾಡುಗಳನ್ನೂ ಒಂದೊಂದಾಗಿ ಹಾಡಿ ಎಂದರೆ ಆಕೆ ಒಪ್ಪಲಿಲ್ಲ. ಹಿತ್ತಿಲಿನಲ್ಲೂ ಫೋನು ಕಂಡರೆ ಬಾಯಿ ಮುಚ್ಚುತ್ತಿದ್ದರು. “ಫೋನಿಗೇನು ಸಿಟ್ಟು ಬರತೈತಿ, ನಗು ಬರತೈತಿ? ಎದುರಿಗೆ ಬೀಗರಿರಬೇಕು, ಮಂದಿ ಇರಬೇಕು. ಅಂಥಾ ದಿನ ಬಂದರ ಎಲ್ಲಾ ಹೇಳ್ತೀನಿ, ಹಿಡಕೋ.” ಅಂಥ ದಿನವನ್ನು ನೀವೇ ಕೊಟ್ಟಿರಿ. ಉದ್ಯಾನದಲ್ಲಿ, ಬಯಲಿನಲ್ಲಿ, ಅಂತರ ಕಾಯ್ದು ನಡೆಯುವ ಕಾರ್ಯಕ್ರಮ; ಧ್ವನಿಮುದ್ರಣದ ವ್ಯವಸ್ಥೆಯೂ ಉಂಟು. ಕಾಶಮ್ಮ, ಹರ್ಷಿತಾ ಅಕ್ಕ, ಅಕ್ಕನ ಇಬ್ಬರು ಗೆಳತಿಯರು ಸೇರಿದ ನಮ್ಮ ಗುಂಪು ಅರ್ಜಿ ಹಾಕಿ ಆಯ್ಕೆಯಾಯಿತು. ಮಾದರಿಗೆ ಒಂದು ಹಾಡಿನ ಅನುವಾದ ಕೇಳಿದಿರಿ, ಸಕ್ಕರಿ ಕಟ್ಟಿದ ಬೀಗತಿಯ ಹಾಡನ್ನು ಕೊಟ್ಟೆ.

ಆಮೇಲೆ ನೀವು ‘ಸಮುದಾಯ’ವನ್ನು ಕೇಳಿದಿರಿ. ಸಮುದಾಯ ಎಂದರೆ ಇಲ್ಲಿನ ಕನ್ನಡ ಸಂಘದ ಅಧ್ಯಕ್ಷ ಶೇಷಾದ್ರಿಯವರು. ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲಾಕ್‌ಡೌನಿನಲ್ಲಿ ಕೆಲಸವಿಲ್ಲದ ನನ್ನಂಥವರ ಬಾಗಿಲಿಗೆ ಅಕ್ಕಿ ಬೇಳೆ ತಂದಿಟ್ಟು ಹೋದವರು ಅವರು. ಆದರೆ ಅಕ್ಕಿ ತಂದವರಿಗೆ ಹಾಡಿನ ಮೇಲೆ ಅಧಿಕಾರ ಬರುತ್ತದೆಯೇ? ಅವರು ಫೋನ್ ಮಾಡಿ ಹೇಳಿದ್ದು ಇಷ್ಟು:

“ನೋಡಮ್ಮ, ಪರ್ಸನಲ್ ಆಗಿ ತಗೋಬೇಡ. ನಾವೆಲ್ಲ ಇಲ್ಲಿ ಪರ್ಮಿಟ್ ಮೇಲೆ ಇರೋರು. ಪಬ್ಲಿಕ್ಕಲ್ಲಿ ನಮ್ಮ ಹೆಂಗಸರು ಬೈಗುಳ ಹಾಡಿದ್ರೆ ಏನ್ ಇಂಪ್ರೆಷನ್ ಬರತ್ತೆ? ಒಂದೆರಡು ಒಳ್ಳೆ ಭಜನೆ ಹಾಡ್ಲಿ. ಹಾರ್ಮೋನಿಯಂ ನಾನೇ ಕೊಡ್ತೀನಿ.”

“ಸಾರ್, ಅದು ಮದುವೆ ಮನೆ ಹಾಡು...”

“ಮದುವೆ ಮನೇಲಿ ಹಾಡ್ಲಿ ಬಿಡಮ್ಮ, ಯಾರು ಬೇಡ ಅಂದ್ರು?”

ಎರಡು ದಿನದಲ್ಲಿ ನಿಮ್ಮ ಪತ್ರ ಬಂತು. ಎಷ್ಟು ಸಭ್ಯವಾದ ಪತ್ರ! ‘ಸಮುದಾಯದ ಸೂಕ್ಷ್ಮ ಭಾವನೆಗಳನ್ನು ಗೌರವಿಸಿ, ಗುಂಪು ಭಕ್ತಿಗೀತೆಗಳನ್ನು ಮಾತ್ರ ಹಾಡಬೇಕೆಂದು ಕೋರುತ್ತೇವೆ.’ ಮಾನ್ಯರೇ, ಒಂದು ಸಂಶಯ. ಈ ದೇಶದಲ್ಲಿ ವರ್ಷದ ಕೊನೆಯ ರಾತ್ರಿ ಹಾಸ್ಯಗಾರನೊಬ್ಬ ಟಿವಿಯಲ್ಲಿ ಮಂತ್ರಿಗಳನ್ನೆಲ್ಲ ಬೈದು ನಗಿಸುತ್ತಾನೆ. ಅದಕ್ಕೂ ಮೊದಲು ಮಂತ್ರಿಗಳ ಚಿಕ್ಕಪ್ಪನ ಒಪ್ಪಿಗೆ ತರಿಸಿಕೊಳ್ಳುತ್ತೀರಾ? ಅವನದು ಕಲೆ, ಕಾಶಮ್ಮನವರದು ಸೂಕ್ಷ್ಮ ಭಾವನೆಗೆ ಧಕ್ಕೆ. ಈ ತಕ್ಕಡಿ ಯಾರದು? ಹೆಣ್ಣುಮಕ್ಕಳು ಮಾವನ ಎದುರು ನಿಂತು ಮಾತಾಡಬಾರದು ಎಂಬ ಮನೆಗಳಲ್ಲಿ, ಬೀಗರನ್ನು ಬೈಯುವ ಹಕ್ಕೊಂದನ್ನು ಅವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರು. ಗೌಡರೂ ಬೈಸಿಕೊಂಡು, ನಕ್ಕು, ಖಣ ಕೊಟ್ಟು ಹೋಗುತ್ತಿದ್ದರಂತೆ. ಹಳ್ಳಿಯ ಗೌಡರು ಕಸಿಯದ್ದನ್ನು, ಹೆಣ್ಣಿನ ಸ್ವಾತಂತ್ರ್ಯಕ್ಕೆ ಹೆಸರಾದ ದೇಶದ ಕಚೇರಿಯೊಂದು, ನಮ್ಮ ಸಂಸ್ಕೃತಿಯ ಮೇಲಿನ ಗೌರವದಿಂದ, ಒಂದು ಇಮೇಲಿನಲ್ಲಿ ಕಸಿಯಿತು. ರೋಗದ ನಿಯಮಗಳಿಗೆಲ್ಲ ನಾವು ತಲೆಬಾಗಿದ್ದೆವು. ಇದು ಯಾವ ರೋಗದ ನಿಯಮ?

ಹರ್ಷಿತಾ ಅಕ್ಕ ತಾಯಿಗೆ ವಿಷಯ ತಿಳಿಸಿದಾಗ ನಾನು ಅಲ್ಲೇ ಇದ್ದೆ.

“ಯಾಕ? ರೋಗ ಹೆಚ್ಚಾತಂತೇನು?”

“ಇಲ್ಲವ್ವಾ. ಹಾಡು ಸರಿಯಿಲ್ಲಂತ.”

“ಯಾರಿಗೆ? ಹೆನ್ನಿಗೆ ಸಿಟ್ಟು ಬಂತೇನು?”

“ಆಕಿಗಲ್ಲ. ನಮ್ಮವರಿಗೇ.”

ಕಾಶಮ್ಮ ಕೂಸಿನ ಅಂಗಾಲಿಗೆ ಎಣ್ಣೆ ಸವರಿ ಮುಗಿಸಿದರು. ಆಮೇಲೆ, “ಬೈಸಿಕೊಂಡಾಕಿ ನಕ್ಕಳು, ಬೈಸಿಕೊಳ್ಳದಾಂವ ಅತ್ತ” ಎಂದಷ್ಟೇ ಅಂದರು.

ಕಾರ್ಯಕ್ರಮದ ದಿನ ಗುಂಪಿನ ಆ ಇಬ್ಬರು ಗೆಳತಿಯರು ಹಾರ್ಮೋನಿಯಂ ಜೊತೆ ಭಜನೆ ಹಾಡಿದರು. ಚೆನ್ನಾಗಿಯೇ ಹಾಡಿದರು. ಕಾಶಮ್ಮ ಇಳಕಲ್ ಸೀರೆಯುಟ್ಟು ಬೆಂಚಿನ ಮೇಲೆ ಕುಳಿತಿದ್ದರು. ತುಟಿ ಬಿಚ್ಚಲಿಲ್ಲ. ಬದಲಾವಣೆಯ ಸುದ್ದಿ ಹೆನ್ನಿಗೆ ಯಾರೂ ಮುಟ್ಟಿಸಿರಲಿಲ್ಲ. ಅವರು ತಮ್ಮ ಕುರ್ಚಿಯನ್ನು ಸೈಕಲ್ಲಿಗೆ ಕಟ್ಟಿ ತಂದು, ಎದುರಿಗೆ ಹಾಕಿ, ಕೈ ಕಟ್ಟಿ, ಬೈಸಿಕೊಳ್ಳಲು ಸಿದ್ಧರಾಗಿ ಕುಳಿತಿದ್ದರು. ಭಜನೆ ಮುಗಿಯಿತು. ಹೆನ್ನಿ ಕಾಶಮ್ಮನ ಮುಖ ನೋಡಿದರು. ಕಾಶಮ್ಮ ನೆಲ ನೋಡಿದರು. ನೀವೂ ಬಂದಿದ್ದಿರಿ. ಚಪ್ಪಾಳೆ ತಟ್ಟಿದಿರಿ.

ಸೆಪ್ಟೆಂಬರಿನಲ್ಲಿ ವಿಮಾನ ಸಿಕ್ಕಿ ಆಕೆ ಊರಿಗೆ ಹೋದರು. ಈ ಮೇ ತಿಂಗಳಲ್ಲಿ ಗದಗಿನ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು, ಉಸಿರು ಸಿಗಲಿಲ್ಲ. ಹರ್ಷಿತಾ ಅಕ್ಕ ಹೋಗುವಂತಿರಲಿಲ್ಲ. ಮಣ್ಣು ಮಾಡಿದ್ದನ್ನು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದೆವು. ಮುಖ ಮುಚ್ಚಿದ ನಾಲ್ಕು ಗಂಡಸರು, ಹೆಣ್ಣೊಬ್ಬಳಿಲ್ಲ. ಆ ಸಂಜೆ ಹರ್ಷಿತಾ ಅಕ್ಕ ಒಂದು ಹಾಡು ನೆನಪಿಸಿಕೊಳ್ಳಲು ಹೊರಟಳು.

ಹೆಣ್ಣ ಕೊಟ್ಟೇವಿ ನಿಮಗ ಹೊನ್ನ ಕೊಟ್ಟೇವಿ ನಿಮಗ
ಬೆಣ್ಣಿಯಂಥ ಮಾತು ಕೊಟ್ಟೇವಿ, ಬೀಗರ...

ಮೂರನೆಯ ಸಾಲು ಬರಲಿಲ್ಲ. ಬೀಗರಿಗೆ ಕೊಡದೆ ಉಳಿಸಿಕೊಂಡದ್ದು ಏನೋ ಒಂದು ಆ ಸಾಲಿನಲ್ಲಿತ್ತು; ಅದು ಏನೆಂದು ಅಕ್ಕನಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ. ಬೇಲಿಯಾಚೆ ಹೋಗಿ ಹೆನ್ನಿಯನ್ನೂ ಕೇಳಿದೆವು. “ಅದಕ್ಕೆ ನಾನು ತುಂಬಾ ನಕ್ಕಿದ್ದೆ, ಯಾಕೆ ನಕ್ಕೆನೋ ಮರೆತಿದೆ” ಎಂದು ಅವರು ಅತ್ತರು. ನಾನು ಸಾಹಿತ್ಯ ಓದಿದವಳು, ಒಂದು ಸಾಲು ಕಟ್ಟಿ ಕೂಡಿಸುವುದು ಕಷ್ಟವಲ್ಲ. ಕೂಡಿಸಲಿಲ್ಲ. ಅದು ನನ್ನ ಸಾಲಾಗುತ್ತದೆ, ಕಾಶಮ್ಮನದಲ್ಲ.

ಈಗ ನನ್ನ ಬೇಡಿಕೆ. ಒಪ್ಪಿಗೆಯ ಆ ಸಾಲನ್ನು ಈ ವರ್ಷದ ನಿಯಮದಿಂದ ತೆಗೆದುಹಾಕಿ. ಹಾಡಿನ ಬಗ್ಗೆ ಕೇಳುವುದಿದ್ದರೆ ಹಾಡುವವಳನ್ನು ಕೇಳಿ. ಭಾಷೆ ಬಾರದಿದ್ದರೆ ದುಭಾಷಿಯನ್ನು ಕರೆಸಿ, ಯಜಮಾನನನ್ನಲ್ಲ. ಭಜನೆ ಹಾಡುವವರು ಭಜನೆ ಹಾಡಲಿ, ಬೈಯುವವರು ಬೈಯಲಿ. ಈ ಆಗಸ್ಟಿನಲ್ಲಿ ನಮ್ಮ ಗುಂಪಿಗೆ ಒಂದು ಗಂಟೆ ಕೊಡಿ. ಹರ್ಷಿತಾ ಅಕ್ಕ ಹಾಡುತ್ತಾಳೆ. ಬರುವ ಸಾಲುಗಳನ್ನು ಹಾಡುತ್ತಾಳೆ, ಬಾರದ ಸಾಲು ಬಂದಾಗ ನಿಲ್ಲಿಸಿ, ಮೂರನೆಯ ಸಾಲಿನಷ್ಟು ಹೊತ್ತು ಸುಮ್ಮನಿರುತ್ತಾಳೆ. ಅಷ್ಟು ಹೊತ್ತು ನೀವು ಹೆನ್ನಿಯ ಪಕ್ಕದಲ್ಲಿ, ಬೀಗರ ಸಾಲಿನಲ್ಲಿ ಕುಳಿತಿರಬೇಕು. ಚಪ್ಪಾಳೆ ತಟ್ಟಬಾರದು.

ಇಂತಿ,
ಯಾವ ಸಮುದಾಯಕ್ಕೂ ಪ್ರತಿನಿಧಿಯಲ್ಲದ, ಆದ್ದರಿಂದ ಯಾರೂ ಏನೂ ಕೇಳದ,
ನವ್ಯಾ
ಜೂನ್ 2021