ಬೆಲೆ ಬರೆಯದ ಎಮ್ಮೆ

ರಾಯಬಾಗ, ಮಂಗಳವಾರ

‘ಪುಟ ಅರ್ಧಕ್ಕೇ ನಿಂತಿದೆ’ ಎಂದರೋ, ‘ಪೂರ್ತಿ ಮಾಡಲು ಬರಲಿಲ್ಲವೇ’ ಎಂದರೋ, ಅಣ್ಣನ ಮಗಳು ಭಾಗ್ಯಾಳಿಗೂ ಸರಿಯಾಗಿ ನೆನಪಿಲ್ಲ. ಪುಣೆಯ ಕಂಪನಿಯವರು ಇಂದು ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಅವಳ ಸಂದರ್ಶನ ಮಾಡಿದರು. ಚಿಕ್ಕೋಡಿಯಲ್ಲಿ ವೆಬ್‌ಸೈಟ್ ಕಟ್ಟುವುದನ್ನು ಕಲಿತ ಮೇಲೆ ಸಿಕ್ಕ ಮೊದಲ ಕರೆ. ಕ್ಲಾಸಿನಲ್ಲಿ ಎಲ್ಲರೂ ಮಾಡಿದ್ದನ್ನೇ ತೋರಿಸಬೇಡ, ನಿನ್ನದೇ ಒಂದು ಮಾಡು ಎಂದವನು ನಾನು. ಅವಳು ನಮ್ಮ ದನದ ಸಂತೆಗೊಂದು ವೆಬ್‌ಸೈಟ್ ಮಾಡಿದಳು. ಎಮ್ಮೆಯ ಫೋಟೊ, ಹಲ್ಲು, ಹಾಲು, ಸೂಲು, ಎಲ್ಲ ಇದೆ. ಬೆಲೆ ಇಲ್ಲ. ಅದನ್ನು ನೋಡಿಯೇ ಪುಣೆಯವರು ಹಾಗೆಂದದ್ದು.

ಬೆಲೆ ಹಾಕಬೇಕೆಂದು ಅವಳಿಗೆ ಹೊಳೆಯಲೇ ಇಲ್ಲವಂತೆ. ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ಬೆಲೆ ಕುದುರಿಸಿ, ಬಾಯಿ ಬಿಡದೆ ವ್ಯಾಪಾರ ಮುಗಿಸುವುದನ್ನು ನೋಡುತ್ತ ಬೆಳೆದವಳು.

‘ಈಗರೆ ರೇಟ ಹಾಕ್ಲೇನ್ರಿ ಕಾಕಾ?’ ಎಂದು ಸಂಜೆ ಕೇಳಿದಳು. ಅತ್ತು ಮುಗಿಸಿದ ದನಿ.

ಹಾಲು ಹಿಂಡುತ್ತಿದ್ದ ಅಣ್ಣ ಮಹಾದೇವ ಅಲ್ಲಿಂದಲೇ ಮಗಳಿಗೆ ಕೂಗಿ ಹೇಳಿದ: ‘ಎಮ್ಮಿ ಅಂದ್ರ ಬಿಸ್ಕೀಟ ಪುಡಾ ಏನ ಬೇ, ಮ್ಯಾಲ ರೇಟ ಬರ್ಯಾಕ?’

ಭಾಗ್ಯಾ ನಕ್ಕಳು. ಆಮೇಲೆ ಬಹಳ ಹೊತ್ತು ಲ್ಯಾಪ್‌ಟಾಪಿನ ಮುಂದೆ ಕೂತಳು. ಬೆಲೆ ಹಾಕುವುದಿಲ್ಲವಂತೆ. ಯಾಕಿಲ್ಲ ಎಂಬುದನ್ನು ಪುಟದಲ್ಲೇ ಬರೆದು, ಮಾರುವವರಿಗೆ ಫೋನ್ ಹಚ್ಚುವ ಬಟನ್ ಇಟ್ಟು, ನಾಳೆ ಕೊಲ್ಹಾಪುರದ ಇನ್ನೊಂದು ಕಂಪನಿಗೆ ಕಳಿಸುತ್ತಾಳೆ.

ನನ್ನನ್ನು ಮಾತ್ರ ಬೆಳಗಿನ ಆ ಗಳಿಗೆ ಬಿಡುತ್ತಿಲ್ಲ. ಉತ್ತರ ಗೊತ್ತಿದ್ದೂ, ಸಂತೆಯ ಮಾತು ಅಲ್ಲಿ ಹೇಳಬಹುದೋ ಇಲ್ಲವೋ ಎಂದು ಕ್ಯಾಮೆರಾದ ಮುಂದೆ ತಲೆ ತಗ್ಗಿಸಿ ಕೂತಿದ್ದಳಲ್ಲ. ಪುಣೆಯ ಸಾಹೇಬರೇ, ಬೆಲೆ ಯಾಕಿಲ್ಲವೆಂದು ಅವಳನ್ನು ಒಂದು ಮಾತು ಕೇಳಬಾರದಿತ್ತೇ?