ಬೆಳ್ಳುಳ್ಳಿಯ ಐದನೆಯ ದಿನ

ಅಡುಗೆಮನೆಯ ಮೇಜಿನಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಸೊಸೆಗೆ,

ಆರೋಗ್ಯವಾಗಿದ್ದೀಯಾ? ತರಬೇತಿ ಹಾಸ್ಟೆಲಿನ ಊಟ ಹಿಡಿಸಿತೇ, ಇಲ್ಲ ಬರೀ ಚಹಾ ಕುಡಿದು ದಿನ ತಳ್ಳುತ್ತಿದ್ದೀಯಾ? ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತವನ್ನೆಲ್ಲ ನೋಡುವವಳು ನಿನ್ನ ಮೈಯನ್ನೂ ಸ್ವಲ್ಪ ನೋಡಿಕೋ. ಹಲ್ಲು ಕೀಳಿಸಿದ ಮೇಲೆ ನಿನ್ನ ಮಾವನವರ ಒಸಡು ಮಾಗುತ್ತಿದೆ. ಹಲ್ಲಿನ ಸೆಟ್ಟಿಗೆ ಇನ್ನೂ ಮೂರು ವಾರವಂತೆ. ಅಲ್ಲಿಯವರೆಗೆ ಹಿಸುಕಿದ ಆಲೂಗಡ್ಡೆಯೇ ಗತಿ. ಅದಕ್ಕೂ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ ಬೆಳ್ಳುಳ್ಳಿ ಬೆರೆಸದಿದ್ದರೆ ತಟ್ಟೆ ಮುಟ್ಟುವುದಿಲ್ಲ.

ನನ್ನ ತಲೆಬಿಸಿಯೆಲ್ಲ ಈ ಬೆಳ್ಳುಳ್ಳಿಯದೇ. ನೀನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದ ಚೀಟಿಯನ್ನು ದಿನಕ್ಕೆರಡು ಸಲ ಓದುತ್ತೇನೆ. ಬೇಯಿಸಿದ್ದು ಕಪಾಟಿನಲ್ಲಿ ಕೂರಬಾರದು, ತಡಮಾಡದೆ ಫ್ರಿಜ್ಜಿಗೆ ಹೋಗಬೇಕು, ನಾಲ್ಕು ದಿನದಲ್ಲಿ ಮುಗಿಯಬೇಕು, ಹೆಚ್ಚಾದದ್ದು ಫ್ರೀಜರಿಗೆ. ಸರಿ, ಬೇಯಿಸಿದ ದಿನ ಆ ನಾಲ್ಕರಲ್ಲಿ ಸೇರಿತೋ ಇಲ್ಲವೋ? ನಲವತ್ತು ವರ್ಷ ಈ ಮನೆಯಲ್ಲಿ ಯಾವುದು ಕೆಟ್ಟಿದೆಯೆಂದು ತೀರ್ಪು ಕೊಟ್ಟದ್ದು ನನ್ನ ಮೂಗು. ನೀನೋ, "ಅತ್ತೆ, ಎಣ್ಣೇಲಿರೋ ಬೆಳ್ಳುಳ್ಳಿ ತಣ್ಣಗಿಲ್ದಿದ್ರೆ ಅದರಲ್ಲಿ ವಿಷ ಹುಟ್ಟುತ್ತೆ, ಅದು ಮೂಗಿಗೆ ಸಿಗೋ ವಿಷ ಅಲ್ಲ, ವಾಸನೇನೂ ಬರಲ್ಲ, ಬಣ್ಣಾನೂ ಬದಲಾಗಲ್ಲ" ಎಂದೆ. ಐದನೆಯ ದಿನ ಮುಚ್ಚಳ ತೆಗೆದರೆ ಮೊದಲ ದಿನದ್ದೇ ಘಮ! ಕೆಟ್ಟದ್ದು ಕೆಟ್ಟ ಹಾಗೆ ಕಾಣದಿದ್ದರೆ ನಾನು ಯಾವುದನ್ನು ನಂಬಲಿ? ನಿನ್ನ ಗಂಡನನ್ನು ಕೇಳಿದರೆ, "ಅಮ್ಮಾ, ಚೀಟೀಲಿರೋದು ಮಾಡು, ಅಷ್ಟೇ" ಎನ್ನುತ್ತಾನೆ. ಹುಟ್ಟಿದಾಗಿನಿಂದ ಅವನು ಯಾವ ಚೀಟಿ ಓದಿದ್ದಾನೆ? ನೀನು ಹೇಳಿದಂತೆ ಐಸ್ ತಟ್ಟೆಯಲ್ಲಿ ಹಾಕಿಟ್ಟ ಬೆಳ್ಳುಳ್ಳಿ ತುಂಡನ್ನು ನಿನ್ನ ಮಾವನವರು ಮೊನ್ನೆ ಐಸೆಂದುಕೊಂಡು ನಿಂಬೆ ಶರಬತ್ತಿಗೆ ಹಾಕಿಕೊಂಡು, ಅರ್ಧ ಲೋಟ ಕುಡಿದ ಮೇಲೆ, "ಏನೇ, ನನ್ನನ್ನ ಒಗ್ಗರಣೆ ಹಾಕೋಕೆ ಹೊರಟಿದ್ದೀಯಾ?" ಎಂದರು.

ಚೆನ್ನಾಗಿ ಕಲಿತು ಮೊದಲನೆಯವಳಾಗಿ ಬಾ. ಎರಡನೆಯವಳಾಗಿ ಬಂದರೂ ಬಾಗಿಲು ತೆಗೆಯುತ್ತೇನೆ. ನಮ್ಮಿಬ್ಬರ ಆಶೀರ್ವಾದ ನಿನ್ನ ಬೆನ್ನಿಗಿದೆ.

ಇಂತಿ,
ನಿನ್ನ ಅತ್ತೆ

ತಾ.ಕ.: ಫೋನಿನಲ್ಲಿ ಹೇಳಿದರೆ ಮನೆಯವರ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಯಂತ್ರಕ್ಕೂ ವಿಶ್ರಾಂತಿ ಬೇಡವೇ ಎಂದು, ಹತ್ತರಿಂದ ನಾಲ್ಕರವರೆಗೆ ನಾನು ದಿನಾ ಫ್ರಿಜ್ಜಿನ ಸ್ವಿಚ್ ಆರಿಸುತ್ತಿದ್ದೆ. ಹಾಗೆ ಮಾಡಬಾರದೆಂದು ಚೀಟಿಯಲ್ಲಿ ಇರಲಿಲ್ಲ. ನಿನ್ನೆ ಮಧ್ಯಾಹ್ನ ಡಬ್ಬಿ ಕೈಗೆ ತಣ್ಣಗೆ ತಾಗದಿದ್ದಾಗಲೇ ನಾನು ಮಾಡಿದ್ದೇನೆಂದು ಹೊಳೆದದ್ದು. ಎಲ್ಲ ಚೆಲ್ಲಿದೆ, ಫ್ರೀಜರಿನದ್ದೂ. ಕಣ್ಣು ತೋರಿಸುವ ನೆಪದಲ್ಲಿ ಮಾವನವರನ್ನು ಡಾಕ್ಟರ ಬಳಿ ಕರೆದೊಯ್ದು, ಡಾಕ್ಟರೊಬ್ಬರಿಗೇ ನಿಜ ಹೇಳಿದೆ. ಈಗ ವಿಷದ ಲಕ್ಷಣವೇನೂ ಇಲ್ಲ, ಕಣ್ಣು ಮಂಜಾದರೆ, ನುಂಗಲು ಕಷ್ಟವಾದರೆ ಆ ಕ್ಷಣವೇ ಕರೆತನ್ನಿ ಎಂದರು. ಕನ್ನಡಕ ತೆಗೆದರೆ ಇವರಿಗೆ ಯಾವಾಗಲೂ ಮಂಜೇ. ಹಲ್ಲು ಕೀಳಿಸಿದ ಮೇಲೆ ನುಂಗುವುದೂ ಕಷ್ಟವೇ. ತುತ್ತು ತುತ್ತಿಗೂ ಅವರ ಮುಖ ನೋಡುತ್ತಾ ಕೂತಿದ್ದೇನೆ, ನನಗೇನೂ ತಿಳಿಯುತ್ತಿಲ್ಲ ಕಣೇ. ಎರಡು ದಿನ ರಜೆ ಕೇಳಿ ಬಾ.